ನುಚ್ಚಿನ ಮೇಲೇನು?

ಪರಊರಿನಲ್ಲಿ ನೆಲೆಸಿದವರ ಮನೆಯಲ್ಲಿ ಊಟ ಎರಡು ಬಗೆ. ಒಂದು ಹೇಳಿಕೊಳ್ಳುವ ಊಟ, ಇನ್ನೊಂದು ಹೇಳಿಕೊಳ್ಳದ ಊಟ. ನೆರೆಮನೆಯವರು, ಕಚೇರಿಯ ಮಿತ್ರರು ‘ನಿಮ್ಮ ಕಡೆ ಏನು ವಿಶೇಷ?’ ಎಂದು ಕೇಳಿದಾಗ ಮೊದಲನೆಯದು ನಾಲಿಗೆಯ ತುದಿಗೆ ಬರುತ್ತದೆ. ಎರಡನೆಯದು ಬಾಗಿಲು ಹಾಕಿಕೊಂಡು ಉಣ್ಣುವಂಥದು. ನಮ್ಮ ಸಂಘಗಳ ರಾಜ್ಯೋತ್ಸವದ ಪಂಕ್ತಿಯನ್ನೇ ನೋಡಿ. ಬಿಸಿಬೇಳೆ ಭಾತು ಬರುತ್ತದೆ, ಕೋಸಂಬರಿ ಬರುತ್ತದೆ, ಹೋಳಿಗೆ ಬರುತ್ತದೆ. ಉತ್ತರದವರ ಮಾನ ಕಾಯಲೆಂದು ಒಮ್ಮೊಮ್ಮೆ ಜೋಳದ ರೊಟ್ಟಿ, ಎಣ್ಣೆಗಾಯಿಯೂ ಬರುವುದುಂಟು. ಆದರೆ ಕರಾವಳಿಯ ಬಂಧುಗಳು ರಾತ್ರಿ ಮನೆಯಲ್ಲಿ ಉಣ್ಣುವ ಕುಚ್ಚಲಕ್ಕಿ ಗಂಜಿ, ಮೈಸೂರು ಕಡೆಯವರ ರಾಗಿ ಅಂಬಲಿ, ನಮ್ಮ ಕಡೆಯ ಜೋಳದ ನುಚ್ಚು, ಈ ಮೂರೂ ಆ ಪಂಕ್ತಿಗೆ ಬಂದದ್ದನ್ನು ನಾವಂತೂ ಕಂಡಿಲ್ಲ.

ನುಚ್ಚು ಎಂದರೇನೆಂದು ತಿಳಿಯದ ವಾಚಕರಿಗಾಗಿ ಒಂದು ಮಾತು. ಜೋಳವನ್ನು ಹಿಟ್ಟು ಮಾಡದೆ, ರವೆಗಿಂತ ತುಸು ದಪ್ಪಗೆ ಒಡೆದರೆ ಅದು ನುಚ್ಚು. ಅದನ್ನು ಕುದಿಯುವ ನೀರಿನಲ್ಲಿ ಉಪ್ಪು ಹಾಕಿ, ತಿರುವುತ್ತ ತಿರುವುತ್ತ ಮೆತ್ತಗೆ ಬೇಯಿಸಿದರೆ ಆಗುವ ಅಡುಗೆಯ ಹೆಸರೂ ನುಚ್ಚೇ. ಬಿಸಿಯಿದ್ದಾಗ ತಟ್ಟೆಯಲ್ಲಿ ಹರಡಿಕೊಳ್ಳುತ್ತದೆ, ಆರಿದರೆ ಗಟ್ಟಿಯಾಗುತ್ತದೆ. ಮೇಲೆ ಪುಂಡಿಪಲ್ಲೆ, ಹಿಂಡಿ, ಮಜ್ಜಿಗೆ ಯಾವುದಾದರೂ ಬೀಳಬೇಕು. ಅಷ್ಟೇ. ಇದರ ಬಗ್ಗೆ ಒಂದು ಲೇಖನ ಬರೆಯುವಷ್ಟು ಏನಿದೆ ಎಂದು ಕೇಳುವವರು ಸ್ವಲ್ಪ ತಾಳ್ಮೆಯಿಂದ ಮುಂದೆ ಓದಬೇಕು.

ನಮ್ಮದು ಡೋಣಿ ನದಿಯ ದಂಡೆಯ ಒಂದು ಹಳ್ಳಿ. ನಾವು ಊರು ಬಿಟ್ಟಾಗ ಬಿಜಾಪುರ ಜಿಲ್ಲೆ, 2014ರಿಂದ ವಿಜಯಪುರ. ಡೋಣಿ ಹರಿದರೆ ಓಣಿ ತುಂಬ ಜೋಳ ಎಂದು ಆ ಕಡೆ ಒಂದು ಮಾತಿದೆ. ಎರೆಭೂಮಿ. ಸಪ್ಟೆಂಬರ್–ಅಕ್ಟೋಬರದಲ್ಲಿ ಬಿತ್ತಿದ ಬಿಳಿಜೋಳ ನೆಲದಲ್ಲುಳಿದ ಹಸಿಯ ಮೇಲೆಯೇ ಬೆಳೆದು, ಫೆಬ್ರವರಿ–ಮಾರ್ಚದಲ್ಲಿ ರಾಶಿಗೆ ಬರುತ್ತದೆ. ಅಲ್ಲಿಂದ ಬಂದ ನಾವು ಬಿ.ಎಸ್ಸಿ. ಪಾಸಾಗಿ, ರಸಾಯನಶಾಸ್ತ್ರದಲ್ಲಿ ಒಳ್ಳೆಯ ಅಂಕವನ್ನೇ ಪಡೆದು, ಕೊನೆಗೆ ಕೇಂದ್ರ ಸರಕಾರದ ಒಂದು ಕಚೇರಿಯಲ್ಲಿ ಗುಮಾಸ್ತರಾದೆವು. ಇಪ್ಪತ್ತು ವರ್ಷಗಳಿಂದ ಡೊಂಬಿವಲಿಯಿಂದ ಲೋಕಲ್ ಹಿಡಿದು ಹೋಗುತ್ತೇವೆ, ಬರುತ್ತೇವೆ. ಓದಿದ ರಸಾಯನಶಾಸ್ತ್ರ ಕಡತಗಳ ಮೇಲೆ ನಡೆಯುವುದಿಲ್ಲ. ಅದು ನಡೆಯುವುದಾದರೆ ಒಲೆಯ ಮೇಲೆ ಮಾತ್ರ ಎಂಬುದು ನಮಗೆ ತಿಳಿದದ್ದು ಅವ್ವ ಮುಂಬಯಿಗೆ ಬಂದ ಮೇಲೆ.

ಅಪ್ಪ ತೀರಿಕೊಂಡ ವರ್ಷ ಹೊಲವನ್ನು ಲಾವಣಿಗೆ ಕೊಟ್ಟು ಅವ್ವನನ್ನು ಕರೆದುಕೊಂಡು ಬಂದೆವು. ಎಪ್ಪತ್ತು ದಾಟಿದ ಜೀವ. ಮೂರನೆಯ ಮಾಳಿಗೆಯ ಎರಡು ಕೋಣೆಯ ಮನೆ, ಕಿಟಕಿಗೆ ಕಬ್ಬಿಣದ ಸರಳು, ಕೆಳಗೆ ರಿಕ್ಷಾಗಳ ಗದ್ದಲ. ಅವ್ವ ಯಾವುದನ್ನೂ ಹಳಿಯಲಿಲ್ಲ. ಉಣ್ಣುವುದನ್ನು ಮಾತ್ರ ಕಡಿಮೆ ಮಾಡುತ್ತ ಬಂದಳು. ಚಪಾತಿ ಹಲ್ಲಿಗೆ ಆಗದು. ಅನ್ನ ಒಂದು ಹಿಡಿ. ‘ಒಲ್ಲೆ ತಮ್ಮಾ, ಹಸಿವಿಲ್ಲ’ ಎಂಬುದು ಮೂರು ಹೊತ್ತಿನ ಉತ್ತರ. ಮೂರು ತಿಂಗಳಲ್ಲಿ ಆರು ಕಿಲೊ ಇಳಿದಳು. ಡಾಕ್ಟರರು ರಕ್ತ ನೋಡಿದರು, ಎದೆ ನೋಡಿದರು, ‘ರೋಗವೇನೂ ಕಾಣುವುದಿಲ್ಲ, ಮೆತ್ತಗಿನದೇನಾದರೂ ಹೊಟ್ಟೆ ತುಂಬ ಕೊಡಿ’ ಎಂದರು. ನಮ್ಮ ಮನೆಯವರು ಓಟ್ಸ್ ತಂದು ಹಾಲಿನಲ್ಲಿ ಕುದಿಸಿ ಕೊಟ್ಟರು. ಅವ್ವ ಎರಡು ಚಮಚ ತಿಂದು, ಸೊಸೆಗೆ ಬೇಸರವಾಗದಂತೆ ಮೆಲ್ಲಗೆ ಕೇಳಿದಳು: ‘ಚೊಲೋ ಐತೆವಾ. ಇದನ್ನ ಎಮ್ಮಿಗೆ ಹಾಕ್ತಾರೇನು?’

ಅಂದು ರಾತ್ರಿ ನಾವಿಬ್ಬರೂ ಕುಳಿತು ಲೆಕ್ಕ ಹಾಕಿದೆವು. ಅವ್ವನ ಕಾಯಿಲೆಗೆ ಮದ್ದು ಮನೆಯಲ್ಲಿಲ್ಲದ ಜೋಳವೇ ಇರಬೇಕು ಎಂದು. ರೊಟ್ಟಿ ಬಡಿದರೆ ಅಗಿಯಲಾರಳು. ಹಾಗಾದರೆ ನುಚ್ಚು.

ಹೇಳಿದಷ್ಟು ಸುಲಭವಲ್ಲ. ಮೊದಲ ಪ್ರಶ್ನೆ ಜೋಳದ್ದು. ಅಂಗಡಿಯಲ್ಲಿ ಸಿಗುವ ಜೋಳವೆಲ್ಲ ಒಂದೇ ಅಲ್ಲ. ನುಚ್ಚಿಗೆ ಬೇಕಾದದ್ದು ಹಿಂಗಾರಿನ ಬಿಳಿಜೋಳ, ಮಾಲದಂಡಿ. ಸೊಲ್ಲಾಪುರ ಜಿಲ್ಲೆಯ ಮೊಹೋಳದ ಕೃಷಿ ಕೇಂದ್ರದಲ್ಲಿ 1930ರ ದಶಕದಲ್ಲಿ ಆಯ್ದು ತೆಗೆದ ಎಂ 35-1 ಎಂಬ ತಳಿ ಈ ಮಾಲದಂಡಿಯದೇ. ಹತ್ತಿರ ಹತ್ತಿರ ನೂರು ವರ್ಷವಾಗುತ್ತ ಬಂದರೂ ರೈತರು ಅದನ್ನು ಬಿಟ್ಟಿಲ್ಲ. ಅದೇ ಜಿಲ್ಲೆಯ ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಮಂಗಳವೇಢೆ ಎಂದರೆ ಬಿಜ್ಜಳನ ಹಳೆಯ ರಾಜಧಾನಿ. ಬಸವಣ್ಣನವರು ಮೊದಲು ಕರಣಿಕರಾಗಿ ಲೆಕ್ಕ ಬರೆದ ಊರು ಎಂದು ಹೇಳುತ್ತಾರೆ. ಗುಮಾಸ್ತರಾದ ನಮಗೆ ಆ ಊರಿನ ಜೋಳದ ಮೇಲೆ ಸ್ವಲ್ಪ ಹೆಚ್ಚು ಪ್ರೀತಿ. ಸೊಲ್ಲಾಪುರದ ಪರಿಚಿತರೊಬ್ಬರು ಸಿದ್ಧೇಶ್ವರ ಎಕ್ಸ್‌ಪ್ರೆಸ್ಸಿನಲ್ಲಿ ಬರುವಾಗ ಹತ್ತು ಕಿಲೊ ಚೀಲ ತಂದರು. ನಸುಕಿನಲ್ಲಿ ಕಲ್ಯಾಣ ಸ್ಟೇಷನ್ನಿಗೆ ಹೋಗಿ ಇಳಿಸಿಕೊಂಡೆವು.

ಎರಡನೆಯ ಪ್ರಶ್ನೆ ಒಡೆಸುವುದು. ನಮ್ಮ ಓಣಿಯ ಗಿರಣಿಯವನಿಗೆ ಹಿಟ್ಟು ಗೊತ್ತು, ರವೆ ಗೊತ್ತು. ಜೋಳವನ್ನು ನುಚ್ಚು ಒಡೆಯುವುದೆಂದರೆ ‘ಸಾಬ್, ಕಲ್ಲು ಮೇಲೆತ್ತಬೇಕಾಗುತ್ತದೆ’ ಎಂದು ತಲೆ ಕೆರೆದುಕೊಂಡ. ಅವನನ್ನು ಒಪ್ಪಿಸಿದವರು ಎದುರು ಮನೆಯ ಲಾತೂರಿನ ಮರಾಠಿ ಬಾಯಿ. ನುಚ್ಚು ಎಂದರೆ ಅವರಿಗೆ ತಿಳಿಯಲಿಲ್ಲ. ಕೈಯಲ್ಲಿ ಅಳತೆ ತೋರಿಸಿದಾಗ ‘ಅಯ್ಯೋ, ಕಣ್ಯಾ!’ ಎಂದು ಅವರ ಮುಖ ಅರಳಿತು. ಅವರ ಊರಿನಲ್ಲೂ ಅದೇ ಊಟ, ಮೇಲೆ ಅಂಬಾಡಿಯ ಭಾಜಿ. ಅಂಬಾಡಿ ಎಂದರೆ ನಮ್ಮ ಪುಂಡಿ! ನಾವು ಐದು ವರ್ಷಗಳಿಂದ ಪುಂಡಿ ಸಿಗುವುದಿಲ್ಲ ಎಂದುಕೊಂಡು ಹಾದುಹೋಗುತ್ತಿದ್ದ ಅದೇ ಭಾಜಿಗಲ್ಲಿಯಲ್ಲಿ ಅದು ಅಂಬಾಡಿ ಎಂಬ ಹೆಸರು ಹೊತ್ತು ಕಟ್ಟುಕಟ್ಟಾಗಿ ಕುಳಿತಿತ್ತು. ದಾದರಿನ ಪೇಟೆಗೆ ಬೆಳಗಿನ ಹೊತ್ತು ಹೋದರೆ ಇನ್ನೂ ಎಳೆಯದು ಸಿಗುತ್ತದೆ. ಗಡಿ, ಭಾಷೆ ಎಂದು ದೊಡ್ಡವರು ಎಷ್ಟು ವಾದಿಸಿದರೂ, ಲಾತೂರಿನಿಂದ ಬಿಜಾಪುರದವರೆಗೆ ತಟ್ಟೆ ಒಂದೇ ಎಂಬುದು ಎದುರು ಬದುರು ಬಾಗಿಲು ತೆರೆದಾಗ ಕಾಣುತ್ತದೆ.

ಇನ್ನು ಮಾಡುವ ಬಗೆ. ಅವ್ವ ಅಡುಗೆಮನೆಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಕುಳಿತು ಹೇಳಿಕೊಟ್ಟದ್ದನ್ನು, ನಮ್ಮ ಬಿ.ಎಸ್ಸಿ.ಯ ಟಿಪ್ಪಣಿ ಸೇರಿಸಿ ಬರೆಯುತ್ತಿದ್ದೇವೆ.

ಊರಿನಲ್ಲಾದರೆ ಜೋಳಕ್ಕೆ ನೀರು ಚಿಮುಕಿಸಿ, ಒರಳಲ್ಲಿ ಥಳಿಸಿ, ಮೇಲಿನ ತೌಡು ಕೇರಿ, ಬೀಸುಕಲ್ಲಿನಲ್ಲಿ ಒಡೆಯುತ್ತಾರೆ. ಇಲ್ಲಿ ಗಿರಣಿಯಿಂದ ತಂದದ್ದನ್ನು ಸಾಣಿಗೆಯಲ್ಲಿ ಹಿಡಿದರೆ ಸಾಕು. ಕೆಳಗೆ ಬಿದ್ದ ಹಿಟ್ಟನ್ನು ಚೆಲ್ಲಬಾರದು. ಕೊನೆಗೆ ಅದಕ್ಕೆ ಕೆಲಸವಿದೆ. ಒಂದು ಬಟ್ಟಲು ನುಚ್ಚನ್ನು ತೊಳೆದು ಅರ್ಧ ಗಂಟೆ ನೆನೆಯಿಡಬೇಕು. ದಪ್ಪ ತಳದ ಬೋಗುಣಿಯಲ್ಲಿ ಐದು ಬಟ್ಟಲು ನೀರು ಕುದಿಯಲಿಟ್ಟು, ಉಪ್ಪು ಹಾಕಿ, ನೆನೆದ ನುಚ್ಚನ್ನು ಒಂದು ಕೈಯಿಂದ ಬಿಡುತ್ತ ಇನ್ನೊಂದು ಕೈಯಿಂದ ಮರದ ಹುಟ್ಟಿನಲ್ಲಿ ತಿರುವಬೇಕು. ನೆನೆಯಿಡುವುದೇಕೆ? ಸುಮಾರು 70 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಅಂಟಾಗುತ್ತವೆ. ಒಣ ಪುಡಿಯನ್ನು ಒಮ್ಮೆಲೇ ಕುದಿನೀರಿಗೆ ಸುರಿದರೆ ಹೊರಗಿನದು ತಕ್ಷಣ ಅಂಟಾಗಿ, ಒಳಗಿನದು ಒಣಗಿದ್ದಂತೆಯೇ ಸಿಕ್ಕಿಬೀಳುತ್ತದೆ. ಅದೇ ಗಂಟು. ಅವ್ವನಿಗೆ ಪಿಷ್ಟ ಗೊತ್ತಿಲ್ಲ. ‘ಮೊದಲ ನೀರು ಕುಡಿಸು, ಆಮ್ಯಾಲೆ ಬೆಂಕಿ ತೋರಸು’ ಎನ್ನುತ್ತಾಳೆ. ಎರಡೂ ಒಂದೇ.

ಉರಿ ಸಣ್ಣದು ಮಾಡಿ, ಮುಚ್ಚಿ, ನಡುನಡುವೆ ತಿರುವುತ್ತ ಮುಕ್ಕಾಲು ಗಂಟೆ. ಗ್ಯಾಸಿನ ಬೆಲೆ ನೆನೆದು ಎದೆ ಹೊಡೆದುಕೊಳ್ಳುವವರು ಕುಕ್ಕರಿನಲ್ಲಿ ಐದು ಸೀಟಿ ಹಾಕಿಸಬಹುದು. ಆದರೆ ಕುಕ್ಕರ್ ಇಳಿಸಿದ ಮೇಲೆ ಹತ್ತು ನಿಮಿಷವಾದರೂ ಹುಟ್ಟಿನಿಂದ ತಿರುವದಿದ್ದರೆ ಆ ಬೆಣ್ಣೆಯಂಥ ಮೃದುತನ ಬರುವುದಿಲ್ಲ. ಕೊನೆಗೆ, ಜರಡಿ ಹಿಡಿದಾಗ ಬಿದ್ದ ಹಿಟ್ಟನ್ನು ಎರಡು ಚಮಚ ತಣ್ಣೀರಿನಲ್ಲಿ ಕದಡಿ ಹಾಕಿ ಒಂದು ಕುದಿ ಕುದಿಸಬೇಕು. ಕಾಳು ಕಾಳಾಗಿ ಬಿಟ್ಟುಕೊಂಡಿದ್ದದ್ದು ಆಗ ಒಂದಾಗುತ್ತದೆ.

ಪುಂಡಿಪಲ್ಲೆಗೆ ಎಲೆ ಬಿಡಿಸಿ, ತೊಳೆದು, ಬೇಯಿಸಿ, ಮೊದಲ ನೀರನ್ನು ಬಸಿಯಬೇಕು. ಇಲ್ಲದಿದ್ದರೆ ಹುಳಿ ಹಲ್ಲು ಚುಳಕ್ಕೆನ್ನಿಸುತ್ತದೆ. ಬೆಂದ ತೊಗರಿಬೇಳೆ, ಒಂದು ಹಿಡಿ ನುಚ್ಚು, ಹಸಿಮೆಣಸಿನಕಾಯಿ ಜಜ್ಜಿದ್ದು ಸೇರಿಸಿ ಮತ್ತೆ ಬೇಯಿಸಿ ಹುಟ್ಟಿನಿಂದ ಮಸೆಯಬೇಕು. ಮೇಲೆ ಕುಸುಬಿ ಎಣ್ಣೆಯಲ್ಲಿ ಬೆಳ್ಳುಳ್ಳಿ ಕೆಂಪಗಾಗುವವರೆಗೆ ಒಗ್ಗರಣೆ. ಶೇಂಗಾ ಹಿಂಡಿ ಬೇಕಾದವರು ಹುರಿದ ಶೇಂಗಾ, ಬೆಳ್ಳುಳ್ಳಿ, ಜೀರಿಗೆ, ಖಾರದ ಪುಡಿ, ಉಪ್ಪು ಸೇರಿಸಿ ಎಣ್ಣೆ ಬಿಡುವವರೆಗೆ ಕುಟ್ಟಬೇಕು. ತಟ್ಟೆಯಲ್ಲಿ ನುಚ್ಚು ಹಾಕಿ, ನಡುವೆ ಕುಣಿ ಮಾಡಿ, ಪಲ್ಲೆ ಸುರಿದು, ಬದಿಗೆ ಹಿಂಡಿ, ಒಂದು ಹಸಿ ಉಳ್ಳಾಗಡ್ಡಿ. ಎರಡನೆಯ ಸಲಕ್ಕೆ ಮಜ್ಜಿಗೆ.

ಅಂದು ಅವ್ವ ಎರಡು ಸಲ ಹಾಕಿಸಿಕೊಂಡಳು. ನಮ್ಮ ಮನೆಯವರು ಮೂರನೆಯ ಸಲ ಸೌಟು ಒಯ್ದಾಗ ‘ಸಾಕವಾ, ನಾಳಿಗಿ ಇರಲಿ’ ಎಂದಳು. ನಾಳೆಯ ಮಾತು ಆಕೆಯ ಬಾಯಿಂದ ಬಂದು ಬಹಳ ದಿನವಾಗಿತ್ತು.

ಈ ನುಚ್ಚಿಗೆ ದೂರದ ನೆಂಟನೊಬ್ಬನಿದ್ದಾನೆ ಎಂಬುದು ತಿಳಿದದ್ದು ಕಾಲೇಜಿಗೆ ಹೋಗುವ ಮಗಳಿಂದ. ಗೆಳತಿಯ ಮನೆಯಲ್ಲಿ ಉಂಡು ಬಂದವಳು ಮೊಬೈಲಿನಲ್ಲಿ ಚಿತ್ರ ತೋರಿಸಿದಳು. ಬಿಳಿ ತಟ್ಟೆ, ಹಳದಿಯ ಮೆತ್ತಗಿನ ಹಾಸು, ಅದರ ಮೇಲೆ ಹುರಿದ ಅಣಬೆ, ಟೊಮೇಟೊ, ಚೀಸು. ‘ಪಪ್ಪಾ, ಇದಕ್ಕ ಪೊಲೆಂಟಾ ಅಂತಾರ. ಇಟಲಿದು. ಇದು ನಮ್ಮ ಆಯಿಯ ನುಚ್ಚs ಅಲ್ಲೇನು?’

ಹೌದು, ಅದೇ. ಇಟಲಿಯ ಉತ್ತರ ಭಾಗದ ರೈತರ ಊಟ ಅದು. ಕೊಲಂಬಸನು 1492ರಲ್ಲಿ ಅಮೇರಿಕೆಗೆ ಹೋಗಿಬಂದ ಮೇಲೆ ಗೋವಿನಜೋಳ ಯೂರೋಪಿಗೆ ಬಂತು. ಅದಕ್ಕೂ ಮೊದಲು ಅವರು ಬಾರ್ಲಿ, ನವಣೆಯಂಥ ಕಿರುಧಾನ್ಯಗಳಲ್ಲಿ ಇಂಥದೇ ಗಂಜಿ ಮಾಡುತ್ತಿದ್ದರು. ಹೊಸ ಕಾಳು ಹೆಚ್ಚು ಬೆಳೆಯಿತು, ಅಗ್ಗವಾಯಿತು, ತಾಮ್ರದ ಪಾತ್ರೆಯಲ್ಲಿ ಕೋಲಿನಿಂದ ತಿರುವುವ ಪದ್ಧತಿ ಉಳಿಯಿತು. ಇಂದು ಅದು ಹೋಟೆಲಿನ ಪಟ್ಟಿಯಲ್ಲಿ ಎದೆಯೆತ್ತಿ ನಿಂತಿದೆ.

ಆದರೆ ಆ ಕಥೆಗೆ ಒಂದು ಕರಾಳ ಅಧ್ಯಾಯವಿದೆ. ಬಡ ರೈತರಿಗೆ ಪೊಲೆಂಟಾ ಮಾತ್ರ ಉಳಿದು ಮೇಲಿನದು ಮಾಯವಾದಾಗ ಒಂದು ರೋಗ ಹಬ್ಬಿತು. ಬಿಸಿಲು ಬಿದ್ದ ಕಡೆ ಚರ್ಮ ಒರಟಾಗಿ ಸುಲಿಯುವುದು, ಭೇದಿ, ಕೊನೆಗೆ ಬುದ್ಧಿಭ್ರಮಣೆ. ಫ್ರಾಪೊಲ್ಲಿ ಎಂಬ ಇಟಲಿಯ ವೈದ್ಯ 1771ರಲ್ಲಿ ಅದನ್ನು ‘ಪೆಲ್ಲಾಗ್ರಾ’ ಎಂಬ ಹೆಸರಿನಿಂದ ವರ್ಣಿಸಿದ. ಒರಟು ಚರ್ಮ ಎಂದೇ ಆ ಮಾತಿನ ಅರ್ಥ. ಇದು ಅಂಟುರೋಗವಲ್ಲ, ಊಟದ ಕೊರತೆ ಎಂದು ಅಮೇರಿಕದ ಗೋಲ್ಡ್‌ಬರ್ಗರ್ 1914ರ ನಂತರದ ವರ್ಷಗಳಲ್ಲಿ ತೋರಿಸಿಕೊಟ್ಟರು. ನಯಾಸಿನ್ ಎಂಬ ಜೀವಸತ್ತ್ವದ ಕೊರತೆ ಎಂಬುದು 1937ರಲ್ಲಿ ಸ್ಪಷ್ಟವಾಯಿತು. ಗೋವಿನಜೋಳದ ತವರಾದ ಮೆಕ್ಸಿಕೋದಲ್ಲಿ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸುತ್ತಾರೆ. ಅದರಿಂದ ಕಟ್ಟಿಹಾಕಿದ ನಯಾಸಿನ್ ಬಿಡುಗಡೆಯಾಗುತ್ತದೆ. ಕಾಳು ಸಮುದ್ರ ದಾಟಿ ಯೂರೋಪಿಗೆ ಬಂತು, ಸುಣ್ಣ ಬರಲಿಲ್ಲ.

ಇದೆಲ್ಲ ಅವರ ಗೋಳು, ನಮಗೇನು ಎನ್ನುವಂತಿಲ್ಲ. ನಮ್ಮ ದಖ್ಖಣದ ಜೋಳ ಉಣ್ಣುವ ಬಡವರಲ್ಲೂ ಇದೇ ರೋಗವನ್ನು ವೈದ್ಯರು ಕಂಡಿದ್ದಾರೆ. ಹೈದರಾಬಾದಿನ ಪೋಷಣ ಸಂಶೋಧನಾಲಯದ ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್. ಜಿ. ಶ್ರೀಕಂಟಿಯಾ 1960ರಲ್ಲಿ, ಜೋಳದಲ್ಲಿ ಲ್ಯೂಸಿನ್ ಎಂಬ ಅಂಶ ಹೆಚ್ಚಿರುವುದು ಇದಕ್ಕೊಂದು ಕಾರಣವಿರಬಹುದು ಎಂದು ಸೂಚಿಸಿದರು. ಆ ವಾದದ ಬಗ್ಗೆ ಚರ್ಚೆ ಆಮೇಲೂ ನಡೆಯಿತು. ಆದರೆ ಒಂದು ಮಾತಿನಲ್ಲಿ ಭೇದವಿಲ್ಲ: ಒಂದೇ ಕಾಳನ್ನು ನಂಬಿ, ಜೊತೆಗೆ ಏನೂ ಇಲ್ಲದೆ ಬದುಕುವವರ ಮೇಲೆಯೇ ಈ ರೋಗ ಎರಗುತ್ತದೆ. ನುಚ್ಚಿನ ಬದಿಗೆ ಬೀಳುವ ಶೇಂಗಾ ಹಿಂಡಿಯನ್ನು ನೋಡಿ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 12 ಮಿಲಿಗ್ರಾಂ ನಯಾಸಿನ್ ಇದೆ. ಬೇಳೆ, ಮಜ್ಜಿಗೆ ಪ್ರೋಟೀನಿನ ಕೊರತೆ ತುಂಬುತ್ತವೆ. ಮೇಲಿನದು ಬರಿಯ ರುಚಿಗೆ ಹಾಕಿದ್ದಲ್ಲ. ಕೆಳಗಿನದನ್ನು ಊಟ ಮಾಡುವುದೇ ಅದು.

ಇದನ್ನು ಅವ್ವನಿಗೆ ನಮ್ಮ ಭಾಷೆಯಲ್ಲಿ ವಿವರಿಸಿದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಿಂದೆಂದೂ ಹೇಳದ ಒಂದು ಸಂಗತಿ ಹೇಳಿದಳು. ಆಕೆ ಮದುವೆಯಾಗಿ ಬಂದ ಹೊಸತು, 1972ರ ಬರ. ಡೋಣಿ ಬತ್ತಿತ್ತು. ಅಮೇರಿಕದಿಂದ ಬಂದ ಕೆಂಪು ಜೋಳ, ಮಿಲೋ ಎಂದು ಜನ ಕರೆಯುತ್ತಿದ್ದದ್ದು, ಸಿಕ್ಕ ದಿನ ಅದನ್ನೇ ಒಡೆದು ನುಚ್ಚು ಮಾಡುತ್ತಿದ್ದರು. ಹಗಲೆಲ್ಲ ಬರಗಾಲದ ಕಾಮಗಾರಿಯಲ್ಲಿ ಕಲ್ಲು ಹೊತ್ತು ಬಂದವರ ತಟ್ಟೆಗೆ ಬೀಳುತ್ತಿದ್ದದ್ದು ಕೆಂಪು ನುಚ್ಚು, ಉಪ್ಪು, ಒಂದು ಒಣ ಮೆಣಸಿನಕಾಯಿ. ಎಮ್ಮೆ ಮಾರಿದ್ದರು, ಮಜ್ಜಿಗೆ ಎಲ್ಲಿಯದು? ಪುಂಡಿಗೆ ನೀರೆಲ್ಲಿಯದು? ಅತ್ತೆ ತನ್ನ ತಟ್ಟೆಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಉಣ್ಣುತ್ತಿದ್ದಳಂತೆ, ಎಷ್ಟಿದೆ ಎಂದು ಸೊಸೆಗೆ ಕಾಣದಿರಲಿ ಎಂದು.

‘ಜನ ನುಚ್ಚಿಗೆ ಬಡವರ ಊಟ ಅಂತಾರ ತಮ್ಮಾ. ನುಚ್ಚಿಗೆ ಯಾಕ ಹೆಸರಿಡ್ತಾರೋ. ಮ್ಯಾಲ ಏನೂ ಇಲ್ಲದ್ದು ಬಡವರ ಊಟ.’

ಮಗಳು ಆ ದಿನ ಆಯಿಯ ಪಕ್ಕ ಬಿಟ್ಟು ಏಳಲಿಲ್ಲ. ಮುಂದಿನ ರವಿವಾರ ಆಕೆಯ ಹಟಕ್ಕೆ, ಅಂಗಡಿಯಲ್ಲಿ ಸಿಗುವ ಮಕ್ಕಾ ದಲಿಯಾ ತಂದು ಹಳದಿ ನುಚ್ಚನ್ನೂ ಮಾಡಿದೆವು. ಅದೇ ನೀರು, ಅದೇ ಹುಟ್ಟು, ಅದೇ ಮುಕ್ಕಾಲು ಗಂಟೆ. ಕೊನೆಗೆ ಒಂದು ಚಮಚ ಬೆಣ್ಣೆ. ಅವ್ವ ರುಚಿ ನೋಡಿ ತೀರ್ಪು ಕೊಟ್ಟಳು: ‘ಇದು ಸಿಹಿ ಐತಿ. ಪುಂಡಿ ಹೊಂದೂದಿಲ್ಲ. ಬದನಿಕಾಯಿ ಎಣಗಾಯಿ ಹಾಕು.’ ಹಾಕಿ ನೋಡಿದೆವು. ಮಾತು ನೂರಕ್ಕೆ ನೂರು ನಿಜ. ಎದುರು ಮನೆಯ ಬಾಯಿಯವರಿಗೆ ಒಂದು ಬಟ್ಟಲು ಹೋಯಿತು, ಅವರ ಕಡೆಯಿಂದ ಝುಣಕ ಬಂತು. ಮಗಳ ಗೆಳತಿಯರು ಈಗ ಬಂದಾಗಲೆಲ್ಲ ಕೇಳುವುದು ಹಳದಿಯದನ್ನಲ್ಲ, ಬಿಳಿಯದನ್ನು. ಅದರ ಹೆಸರನ್ನು ಅವರು ‘ನುಚ್ಚು’ ಎಂದೇ ಹೇಳಬೇಕೆಂದು ನಮ್ಮ ಮಗಳ ಕಟ್ಟಪ್ಪಣೆ.

2023ನ್ನು ವಿಶ್ವಸಂಸ್ಥೆ ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ನಮ್ಮ ಕಚೇರಿಯ ಕ್ಯಾಂಟೀನಿನಲ್ಲೂ ಅದರ ಫಲಕ ತೂಗಿತು. ಜೋಳಕ್ಕೆ ಸಿರಿ ಬಂತು; ಬೆಲೆಯಂತೂ ಬಂದೇ ಬಂತು. ಆದರೆ ನಮ್ಮ ಹೊಲದಲ್ಲಿ ಈಗ ಜೋಳವಿಲ್ಲ. ಕಾಲುವೆಯ ನೀರು ಬಂದ ಮೇಲೆ ಲಾವಣಿಯವನು ಕಬ್ಬು ಹಾಕಿದ್ದಾನೆ. ಜೋಳವನ್ನು ಬೇರುಸಹಿತ ಕಿತ್ತು ರಾಶಿ ಮಾಡುವ ಆಳು ಸಿಗುವುದಿಲ್ಲ, ಕಬ್ಬಿಗೆ ಕಾರ್ಖಾನೆ ಇದೆ ಎಂದು ಅವನ ಲೆಕ್ಕ. ಅವನ ಲೆಕ್ಕದಲ್ಲಿ ನಾವು ತಪ್ಪು ಹುಡುಕಲಾರೆವು. ಅವ್ವನಿಗೆ ಇದನ್ನು ಹೇಳಿದಾಗ ಆಕೆ ಕೇಳಿದ್ದು ಒಂದೇ: ‘ಬದುವಿನ ಮ್ಯಾಲ ಪುಂಡಿ ಆದರೂ ಬಿಟ್ಟಾನೋ ಇಲ್ಲೋ?’ ಬಿಟ್ಟಿಲ್ಲ. ಹಾಗಾಗಿ ಊರಿನಿಂದ ಬೀಜ ತರಿಸಿ, ಕಿಟಕಿಯ ಸರಳಿನ ಒಳಗೆ ಎರಡು ಕುಂಡದಲ್ಲಿ ಹಾಕಿದ್ದೇವೆ. ಮಳೆಗಾಲದಲ್ಲಿ ಮೊಣಕಾಲೆತ್ತರ ಬಂತು. ಒಂದು ಹೊತ್ತಿನ ಪಲ್ಲೆಗೆ ಸಾಲುವುದಿಲ್ಲ. ಅವ್ವ ದಿನಾ ಬೆಳಿಗ್ಗೆ ನೀರು ಹಾಕಲು ಏಳುತ್ತಾಳೆ, ಅಷ್ಟು ಸಾಕು. ಇಳಿದ ಆರು ಕಿಲೊದಲ್ಲಿ ನಾಲ್ಕು ಮರಳಿ ಬಂದಿದೆ.

ವಾಚಕರಲ್ಲಿ ಒಂದು ವಿನಂತಿ. ಮುಂದಿನ ರಾಜ್ಯೋತ್ಸವದ ಊಟಕ್ಕೆ ಪಟ್ಟಿ ಬರೆಯುವಾಗ ಬಿಸಿಬೇಳೆ ಭಾತಿನ ಕೆಳಗೆ ಒಂದು ಸಾಲು ಖಾಲಿ ಬಿಡಿ. ಕರಾವಳಿಯವರು ತಮ್ಮ ಗಂಜಿಯನ್ನು ತರಲಿ, ಜೊತೆಗೆ ಚಟ್ನಿ, ಉಪ್ಪಿನಕಾಯಿ. ಮೈಸೂರಿನವರು ಅಂಬಲಿ ತರಲಿ. ನುಚ್ಚಿನ ಬೋಗುಣಿ ನಾವು ಹೊತ್ತು ತರುತ್ತೇವೆ. ಐವತ್ತು ಜನಕ್ಕೆ ನಾಲ್ಕು ಕಿಲೊ ನುಚ್ಚು, ಎಂಟು ಕಟ್ಟು ಅಂಬಾಡಿ, ಎರಡು ಕಿಲೊ ಶೇಂಗಾ ಎಂದು ನಮ್ಮ ಮನೆಯವರ ಅಂದಾಜು. ತಿರುವಲು ಮಾತ್ರ ಇಬ್ಬರು ಗಟ್ಟಿ ತೋಳಿನ ತರುಣರು ಬೇಕು. ಸ್ಟೂಲಿನ ಮೇಲೆ ಕುಳಿತು ಹೇಳಿಕೊಡಲು ಅವ್ವ ಒಪ್ಪಿದ್ದಾಳೆ.